ತೊಗಟೆ ಒಂದು, ಮದ್ದು ನಾಲ್ಕು

ಒಂದು ಗಿಡದಲ್ಲಿ ಒಂದೇ ಮದ್ದು ಇರುತ್ತದೆಂಬುದು ಸಾಮಾನ್ಯ ತಿಳಿವಳಿಕೆ. ಅರಿಸಿನದಲ್ಲಿ ಕರ್ಕ್ಯುಮಿನ್, ಕಾಫಿಯಲ್ಲಿ ಕೆಫೀನ್, ಸಿಂಕೋನಾ ತೊಗಟೆಯಲ್ಲಿ ಕ್ವಿನೈನು ಎಂದು ಶಾಲೆಯ ಪುಸ್ತಕಗಳೂ ಔಷಧದ ಸೀಸೆಗಳ ಮೇಲಿನ ಚೀಟಿಗಳೂ ಒಂದೊಂದೇ ಹೆಸರನ್ನು ಹೇಳುತ್ತವೆ. ನಿಸರ್ಗದ ರೀತಿ ಹಾಗಿಲ್ಲ. ಸಸ್ಯದ ಜೀವಕೋಶವು ಒಂದು ಪದಾರ್ಥವನ್ನು ಕಟ್ಟುವಾಗ ಅದನ್ನೇ ಹೋಲುವ ಎರಡು ಮೂರನ್ನು, ಕೆಲವೊಮ್ಮೆ ಇಪ್ಪತ್ತು ಮೂವತ್ತನ್ನು, ಜೊತೆಜೊತೆಗೇ ಕಟ್ಟಿಬಿಡುತ್ತದೆ. ಇವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ಭೇದ ಅತ್ಯಲ್ಪ. ಒಂದರಲ್ಲಿ ನಾಲ್ಕಾರು ಪರಮಾಣುಗಳು ಹೆಚ್ಚಿರಬಹುದು. ಇನ್ನು ಕೆಲವದರಲ್ಲಿ ಪರಮಾಣುಗಳ ಲೆಕ್ಕವೂ ಒಂದೇ, ಅವು ಕುಳಿತಿರುವ ದಿಕ್ಕು ಮಾತ್ರ ಬೇರೆ. ಕಣ್ಣಿಗೆ, ನಾಲಿಗೆಗೆ, ತಕ್ಕಡಿಗೆ ತಿಳಿಯದ ಈ ಭೇದವು ಶರೀರಕ್ಕೆ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಆದುದರಿಂದಲೇ ಇವುಗಳನ್ನು ಒಂದರಿಂದೊಂದು ಬೇರ್ಪಡಿಸುವುದು ಔಷಧಶಾಸ್ತ್ರದ ಹಳೆಯ ತೊಡಕುಗಳಲ್ಲಿ ಒಂದಾಗಿದೆ.

ಬೇರ್ಪಡಿಸುವುದು ಎಂದೊಡನೆ ಮನೆಯ ಮೊರ, ಜರಡಿಗಳು ನೆನಪಾಗುತ್ತವೆ. ಹೊಟ್ಟು ಹಗುರ, ಕಾಳು ಭಾರ. ಕೇರಿದರೆ ಹೊಟ್ಟು ಹಾರಿಹೋಗುತ್ತದೆ. ನುಚ್ಚು ಸಣ್ಣದು, ಅಕ್ಕಿ ದೊಡ್ಡದು. ಜರಡಿ ಅದನ್ನು ನೋಡಿಕೊಳ್ಳುತ್ತದೆ. ಆದರೆ ಒಂದೇ ಗಾತ್ರದ, ಒಂದೇ ತೂಕದ ಎರಡು ತಳಿಯ ಅಕ್ಕಿಗಳು ಒಂದೇ ಚೀಲದಲ್ಲಿ ಬೆರೆತುಹೋದರೆ ಮೊರವೂ ಜರಡಿಯೂ ಕೈಚೆಲ್ಲುತ್ತವೆ. ಸಸ್ಯದ ಅವಳಿ ಸಂಯುಕ್ತಗಳ ಸ್ಥಿತಿಯೂ ಇದೇ. ಒಂದು ಕರಗುವ ದ್ರವದಲ್ಲಿ ಇನ್ನೊಂದೂ ಕರಗುತ್ತದೆ. ಕಾಯಿಸಿ ಆವಿಯಾಗಿಸಲು ಹೋದರೆ ಎರಡೂ ಸುಟ್ಟುಹೋಗುತ್ತವೆ. ಪುಡಿ ತುಂಬಿದ ಕೊಳವೆಯೊಂದರಲ್ಲಿ ದ್ರಾವಣವನ್ನು ನಿಧಾನವಾಗಿ ಇಳಿಯಬಿಟ್ಟು, ಹಿಂದೆಮುಂದಾಗಿ ಇಳಿದುಬರುವ ಪದಾರ್ಥಗಳನ್ನು ಬೇರೆಬೇರೆಯಾಗಿ ಹಿಡಿಯುವ ಕ್ರೊಮ್ಯಾಟಾಗ್ರಫಿ ಎಂಬ ವಿಧಾನವುಂಟು. ಪ್ರಯೋಗಾಲಯದಲ್ಲಿ ಅದು ನಂಬುಗೆಯ ವಿಧಾನವೇ ಸರಿ. ಕಾರ್ಖಾನೆಯ ಮಟ್ಟಕ್ಕೆ ಬಂದರೆ ಅದು ಕುಡಿಯುವ ದ್ರಾವಕದ ಖರ್ಚು ಮಾತ್ರೆಯ ಬೆಲೆಯನ್ನು ಏರಿಸುತ್ತದೆ. ಹಾಗಾಗಿ ರಸಾಯನಶಾಸ್ತ್ರಜ್ಞರು ಮತ್ತೆ ಮತ್ತೆ ಮರಳಿ ಬಂದಿರುವುದು ಹರಳಿನ ಬಳಿಗೆ.

ಹರಳೆಂದರೆ ಶಿಸ್ತಿನ ಗೋಡೆ. ದಾರ ಇಳಿಬಿಟ್ಟ ಪಾಕದಲ್ಲಿ ಕಲ್ಲುಸಕ್ಕರೆ ಬೆಳೆಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಒಂದೇ ಬಗೆಯ ಅಣುಗಳು ಸಾಲುಸಾಲಾಗಿ ಒಂದರ ಮೇಲೊಂದು ಕುಳಿತು ಗೋಡೆ ಏಳುತ್ತದೆ. ಅಳತೆಗೆ ಹೊಂದದ ಇಟ್ಟಿಗೆಯನ್ನು ಈ ಗೋಡೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಲ್ಮಷವೆಲ್ಲ ಪಾಕದಲ್ಲೇ ಉಳಿದು ಹರಳು ಸ್ವಚ್ಛವಾಗುತ್ತದೆ. ತೊಂದರೆಯೇನೆಂದರೆ ಅವಳಿ ಸಂಯುಕ್ತಗಳ ಇಟ್ಟಿಗೆಗಳು ಅಳತೆಯಲ್ಲಿ ಬಹುಮಟ್ಟಿಗೆ ಒಂದೇ. ಒಂದರ ಗೋಡೆಯಲ್ಲಿ ಇನ್ನೊಂದು ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಇಲ್ಲಿ ಮೂರನೆಯ ಪದಾರ್ಥವೊಂದನ್ನು ಕರೆತರಬೇಕಾಗುತ್ತದೆ. ಅವಳಿಗಳಲ್ಲಿ ಒಂದರೊಡನೆ ಮಾತ್ರ ಕೈಜೋಡಿಸಿ, ಅದರೊಡನೆ ಸೇರಿ ಹೊಸದೊಂದು ಹರಳು ಕಟ್ಟಿ ತಳಕ್ಕೆ ಇಳಿಯುವ, ಇನ್ನೊಂದನ್ನು ದ್ರಾವಣದಲ್ಲೇ ಬಿಟ್ಟುಬಿಡುವ ಜೊತೆಗಾರ ಅದು. ಇಂಥ ಜೊತೆಗಾರ ದೊರೆತರೆ ಕೆಲಸ ಅರ್ಧ ಮುಗಿದಂತೆ. ಹರಳನ್ನು ಸೋಸಿ, ತೊಳೆದು, ಮತ್ತೆ ಕರಗಿಸಿ ಜೊತೆಗಾರನನ್ನು ಬಿಡಿಸಿದರೆ ಬೇಕಾದ ಪದಾರ್ಥ ಕೈಗೆ ಬರುತ್ತದೆ.

ಈ ವಿದ್ಯೆಯ ಅತ್ಯಂತ ದೊಡ್ಡ ಪಾಠಶಾಲೆಯಾಗಿದ್ದದ್ದು ಸಿಂಕೋನಾ ತೊಗಟೆ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಈ ಮರದ ತೊಗಟೆ ಚಳಿಜ್ವರಕ್ಕೆ ಮದ್ದೆಂದು ಯೂರೋಪಿಗೆ ಹದಿನೇಳನೆಯ ಶತಮಾನದಲ್ಲೇ ತಿಳಿದಿತ್ತು. 1820ರಲ್ಲಿ ಪ್ಯಾರಿಸಿನ ಪೆಲತಿಯೇ ಮತ್ತು ಕಾವಂತೂ ಎಂಬ ಇಬ್ಬರು ಔಷಧಜ್ಞರು ಅದರಿಂದ ಕ್ವಿನೈನನ್ನು ಹೊರತೆಗೆದರು. ತಮ್ಮ ವಿಧಾನಕ್ಕೆ ಅವರು ಪೇಟೆಂಟು ಪಡೆಯಲಿಲ್ಲವೆಂಬುದು ಇಂದಿನ ದಿನಮಾನದಲ್ಲಿ ನೆನೆಯತಕ್ಕ ಸಂಗತಿ. ಆದರೆ ತೊಗಟೆಯಲ್ಲಿ ಕ್ವಿನೈನು ಒಂಟಿಯಾಗಿರಲಿಲ್ಲ. ಅದರೊಡನೆ ಸಿಂಕೊನಿನ್, ಕ್ವಿನಿಡಿನ್, ಸಿಂಕೊನಿಡಿನ್ ಎಂಬ ಇನ್ನೂ ಮೂರು ಆಲ್ಕಲಾಯ್ಡುಗಳು ಗಣನೀಯ ಪ್ರಮಾಣದಲ್ಲಿದ್ದವು. ಯಾವುದು ಯಾವುದೆಂಬುದರಲ್ಲೇ ಮೂವತ್ತು ವರ್ಷಗಳ ಕಾಲ ಗೊಂದಲವಿತ್ತು. ಒಂದೇ ಹೆಸರಿನಲ್ಲಿ ಇಬ್ಬರು ಇಬ್ಬೇರೆ ಪದಾರ್ಥಗಳನ್ನು ವರ್ಣಿಸುತ್ತಿದ್ದರು. 1853ರಲ್ಲಿ ಲೂಯಿ ಪಾಸ್ತರನು ಈ ಸಿಕ್ಕನ್ನು ಬಿಡಿಸಿದನು.

ನಾಲ್ಕರ ಸಂಬಂಧವನ್ನು ಹೀಗೆ ತಿಳಿಯಬಹುದು. ಕ್ವಿನೈನು ಮತ್ತು ಕ್ವಿನಿಡಿನ್‌ಗಳ ಪರಮಾಣು ಲೆಕ್ಕ ಒಂದೇ: ಇಂಗಾಲ 20, ಜಲಜನಕ 24, ಸಾರಜನಕ 2, ಆಮ್ಲಜನಕ 2. ಅಣುವಿನ ನಡುವೆ ಎರಡು ಕಡೆ ಜೋಡಣೆಯ ದಿಕ್ಕು ಮಾತ್ರ ತಿರುಗಿದೆ. ಒಂದು ಬೆಳಕಿನ ಕಂಪನತಲವನ್ನು ಎಡಕ್ಕೆ ತಿರುಗಿಸಿದರೆ ಇನ್ನೊಂದು ಬಲಕ್ಕೆ ತಿರುಗಿಸುತ್ತದೆ. ಕ್ವಿನೈನಿನಿಂದ ಮೆಥಾಕ್ಸಿ ಎಂಬ ಸಣ್ಣ ಗುಂಪೊಂದನ್ನು ಕಳಚಿ ಅಲ್ಲಿ ಜಲಜನಕವನ್ನಿಟ್ಟರೆ ಅದು ಸಿಂಕೊನಿಡಿನ್. ಕ್ವಿನಿಡಿನ್‌ಗೆ ಹಾಗೆಯೇ ಮಾಡಿದರೆ ಸಿಂಕೊನಿನ್. ಎರಡು ಜೋಡಿ ಅಕ್ಕತಂಗಿಯರು ಎನ್ನೋಣ.

ಇವರನ್ನು ಬೇರೆ ಮಾಡಿದ ಬಗೆ ನಿಜಕ್ಕೂ ಸೊಗಸಾದುದು. ಪುಡಿಮಾಡಿದ ತೊಗಟೆಯನ್ನು ಸುಣ್ಣದೊಡನೆ ಕಲಸಿ, ಎಣ್ಣೆಯಂಥ ದ್ರಾವಕದಲ್ಲಿ ಆಲ್ಕಲಾಯ್ಡುಗಳನ್ನೆಲ್ಲ ಇಳಿಸಿಕೊಂಡು, ಅದನ್ನು ಸೌಮ್ಯವಾದ ಗಂಧಕಾಮ್ಲದೊಡನೆ ಕುಲುಕಿದರೆ ನಾಲ್ಕೂ ನೀರಿನ ಭಾಗಕ್ಕೆ ಬರುತ್ತವೆ. ಬಿಸಿಯಿರುವಾಗಲೇ ಹುಳಿಯನ್ನು ಶಮನಗೊಳಿಸಿ ತಣಿಯಲು ಬಿಟ್ಟರೆ ರೇಷ್ಮೆಯ ಎಳೆಯಂಥ ಬಿಳಿ ಸೂಜಿಗಳು ತುಂಬಿಕೊಳ್ಳುತ್ತವೆ. ಇದು ಕ್ವಿನೈನ್ ಸಲ್ಫೇಟು. ಇದರ ಒಂದು ಭಾಗ ಕರಗಬೇಕಾದರೆ ತಣ್ಣೀರು ಸುಮಾರು 800 ಭಾಗ ಬೇಕು. ಉಳಿದ ಮೂರರ ಸಲ್ಫೇಟುಗಳಿಗೆ ಸುಮಾರು 100 ಭಾಗ ಅಥವಾ ಅದಕ್ಕೂ ಕಡಿಮೆ ಸಾಕು. ಆದುದರಿಂದ ಅವು ನೀರಿನಲ್ಲೇ ಉಳಿಯುತ್ತವೆ. ಈಗ ಅದೇ ನೀರಿಗೆ ದ್ರಾಕ್ಷಾರಸದ ಪೀಪಾಯಿಗಳ ಗಷ್ಟಿನಿಂದ ದೊರೆಯುವ ಟಾರ್ಟಾರಿಕ್ ಆಮ್ಲದ ಲವಣವನ್ನು ಹಾಕಿದರೆ ಸಿಂಕೊನಿಡಿನ್ ಅದರೊಡನೆ ಕೂಡಿ ಹರಳಾಗಿ ಕೂರುತ್ತದೆ. ಸೋಸಿ ಉಳಿದ ನೀರಿಗೆ ಪೊಟ್ಯಾಸಿಯಂ ಅಯೊಡೈಡನ್ನು ಹಾಕಿದರೆ ಈಗ ಕೂರುವುದು ಕ್ವಿನಿಡಿನ್‌ನ ಸರದಿ. ಕೊನೆಯಲ್ಲಿ ಯಾರೊಡನೆಯೂ ಹೋಗದೆ ಉಳಿಯುವುದು ಸಿಂಕೊನಿನ್. ಒಬ್ಬೊಬ್ಬರಿಗೆ ಒಬ್ಬೊಬ್ಬ ಜೊತೆಗಾರ. ಒಂದೇ ಪಾತ್ರೆಯಲ್ಲಿ ನಾಲ್ಕು ಮದ್ದುಗಳ ವಿಂಗಡಣೆ.

ಈ ವಿಂಗಡಣೆ ಕೇವಲ ಪ್ರಯೋಗಾಲಯದ ಚಮತ್ಕಾರವಾಗಿರಲಿಲ್ಲ. ಅದರಲ್ಲಿ ಬಡವನ ಜೀವದ ಪ್ರಶ್ನೆ ಅಡಗಿತ್ತು. 1860ರ ದಶಕದಲ್ಲಿ ನೀಲಗಿರಿಯ ದೊಡ್ಡಬೆಟ್ಟದ ಇಳಿಜಾರಿನಲ್ಲಿ ಸರಕಾರವು ಸಿಂಕೋನಾ ತೋಟಗಳನ್ನು ಎಬ್ಬಿಸಿತು. ಅಲ್ಲಿ ಹುಲುಸಾಗಿ ಬೆಳೆದದ್ದು ಕೆಂಪು ತೊಗಟೆಯ ಜಾತಿ. ಅದರಲ್ಲಿ ಆಲ್ಕಲಾಯ್ಡುಗಳ ಒಟ್ಟು ಮೊತ್ತ ಸಾಕಷ್ಟಿದ್ದರೂ ಕ್ವಿನೈನಿನ ಪಾಲು ಕಡಿಮೆ, ಸಿಂಕೊನಿಡಿನ್‌ನ ಪಾಲು ಹೆಚ್ಚು. ಕ್ವಿನೈನು ಸಮೃದ್ಧವಾಗಿದ್ದ ಇನ್ನೊಂದು ಜಾತಿಯ ಬೀಜ ಡಚ್ಚರ ಕೈಸೇರಿ ಜಾವಾ ದ್ವೀಪದಲ್ಲಿ ಬೆಳೆಯಿತು. ಕ್ವಿನೈನೊಂದನ್ನೇ ಶುದ್ಧವಾಗಿ ತೆಗೆದು ಮಾರಿದರೆ ಅದರ ಬೆಲೆ ಜ್ವರದಿಂದ ನರಳುವ ರೈತನ ಕೈಗೆಟುಕುವಂತಿರಲಿಲ್ಲ. ಉಳಿದ ಮೂರನ್ನು ಎಸೆಯಬೇಕೆ? 1866ರಲ್ಲಿ ಮದರಾಸು ಸರಕಾರವು ವೈದ್ಯರ ಸಮಿತಿಯೊಂದನ್ನು ನೇಮಿಸಿ, ನಾಲ್ಕನ್ನೂ ಬೇರೆಬೇರೆಯಾಗಿ ರೋಗಿಗಳಿಗೆ ಕೊಡಿಸಿ ಫಲಿತಾಂಶವನ್ನು ಬರೆದಿಡಿಸಿತು. ನಾಲ್ಕೂ ಚಳಿಜ್ವರವನ್ನು ಇಳಿಸುತ್ತವೆ, ಸಿಂಕೊನಿನ್ ಮಾತ್ರ ತುಸು ಹಿಂದೆ ಎಂಬುದು ಅದರ ನಿರ್ಣಯ. ಇದರಿಂದ ಧೈರ್ಯ ಪಡೆದು 1870ರ ದಶಕದಲ್ಲಿ ಡಾರ್ಜಿಲಿಂಗ್ ಬಳಿಯ ಮಾಂಗ್ಪೂ ಕಾರ್ಖಾನೆಯಲ್ಲಿ ವಿಂಗಡಣೆಯ ಗೊಡವೆಗೇ ಹೋಗದೆ ನಾಲ್ಕನ್ನೂ ಒಟ್ಟಿಗೆ ಪುಡಿಮಾಡಿ ಅಗ್ಗದ ಜ್ವರಹರ ಚೂರ್ಣವಾಗಿ ಹಂಚಲಾಯಿತು. 1892ರಿಂದ ಬಂಗಾಳದ ಅಂಚೆಕಚೇರಿಗಳಲ್ಲಿ ಕ್ವಿನೈನಿನ ಪೊಟ್ಟಣ ಒಂದು ಪೈಸೆಗೆ ದೊರೆಯುವಂತಾಯಿತು. ಸಾವಿನ ಬಾಗಿಲಲ್ಲಿರುವವನಿಗೆ ಶುದ್ಧತೆಗಿಂತ ಲಭ್ಯತೆ ದೊಡ್ಡದೆಂಬ ಅಂದಿನ ಲೆಕ್ಕಾಚಾರವನ್ನು ತಪ್ಪೆನ್ನುವಂತಿಲ್ಲ.

ಹಾಗಾದರೆ ಬೇರ್ಪಡಿಸಿದ ಶ್ರಮವೆಲ್ಲ ವ್ಯರ್ಥವೇ? ಅಲ್ಲವೆಂಬುದನ್ನು ತೋರಿಸಿದ್ದು ಜ್ವರವಲ್ಲ, ಹೃದಯ. 1912ರಲ್ಲಿ ಹೃದ್ರೋಗತಜ್ಞ ವೆಂಕೆಬಾಕನ ಬಳಿಗೆ ಒಬ್ಬ ಡಚ್ ವರ್ತಕನು ಬಂದನು. ನಾಡಿ ಎಲ್ಲೆಂದರಲ್ಲಿ ತಪ್ಪಿ ಬಡಿಯುವ ವ್ಯಾಧಿ ಅವನದು. ಇದಕ್ಕೆ ಮದ್ದಿಲ್ಲವೆಂದು ವೈದ್ಯನು ಹೇಳಿದಾಗ, ತನಗೆ ಅದನ್ನು ನಿಲ್ಲಿಸುವುದು ಗೊತ್ತಿದೆಯೆಂದು ವರ್ತಕನು ಉತ್ತರಿಸಿದನು. ಪೂರ್ವದೇಶಗಳೊಡನೆ ವ್ಯಾಪಾರ ಮಾಡುತ್ತಿದ್ದ ಅವನಿಗೆ ಕ್ವಿನೈನು ಹೊಸದಲ್ಲ. ಮರುದಿನ ಬೆಳಿಗ್ಗೆ ಒಂದು ಗ್ರಾಂ ಕ್ವಿನೈನು ನುಂಗಿ ಬಂದವನ ನಾಡಿ ಕ್ರಮವಾಗಿ ಬಡಿಯುತ್ತಿತ್ತು. ವೆಂಕೆಬಾಕನು ಇದನ್ನು ಪ್ರಾಮಾಣಿಕವಾಗಿ ಬರೆದಿಟ್ಟನು. ಆದರೆ ಬೇರೆ ರೋಗಿಗಳಲ್ಲಿ ಕ್ವಿನೈನು ಅಷ್ಟು ಚೆನ್ನಾಗಿ ಫಲಿಸಲಿಲ್ಲ. 1918ರಲ್ಲಿ ಫ್ರೈ ಎಂಬ ವೈದ್ಯನು ಸಿಂಕೋನಾದ ಆಲ್ಕಲಾಯ್ಡುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಹೃದಯದ ಲಯವನ್ನು ಸರಿಪಡಿಸುವುದರಲ್ಲಿ ಎಲ್ಲಕ್ಕಿಂತ ಬಲವಾದದ್ದು ಕ್ವಿನಿಡಿನ್ ಎಂದು ಕಂಡುಕೊಂಡನು. ನಾಲ್ಕೂ ಬೇರೆಬೇರೆ ಸೀಸೆಗಳಲ್ಲಿ ಇಲ್ಲದಿದ್ದರೆ ಆ ಪರೀಕ್ಷೆಯೇ ಸಾಧ್ಯವಿರಲಿಲ್ಲ.

ಮುಂದೆ ದಶಕಗಳ ಕಾಲ ಕ್ವಿನಿಡಿನ್ ಹೃದ್ರೋಗದ ಪ್ರಮುಖ ಔಷಧವಾಗಿತ್ತು. ಅದೇ ಔಷಧ ಕೆಲವರಲ್ಲಿ ಲಯವನ್ನು ಸರಿಪಡಿಸುವ ಬದಲು ಅಪಾಯಕಾರಿಯಾಗಿ ಕೆಡಿಸುತ್ತದೆಂಬುದೂ ಕ್ರಮೇಣ ತಿಳಿದುಬಂತು. ಇಂದು ಅದರ ಬಳಕೆ ಬಹಳ ಸೀಮಿತ. ಕ್ವಿನೈನಿಗೂ ಈ ಗುಣ ಸ್ವಲ್ಪಮಟ್ಟಿಗೆ ಉಂಟು. ರಾತ್ರಿ ಕಾಲಿನ ಮೀನಖಂಡ ಹಿಡಿಯುವುದಕ್ಕೆಂದು ಅದನ್ನು ತಾವಾಗಿ ನುಂಗುವ ಹಳೆಯ ಅಭ್ಯಾಸವನ್ನು ವೈದ್ಯರು ಈಗ ಒಪ್ಪದಿರುವುದಕ್ಕೆ ಇದೊಂದು ಕಾರಣ.

ಅವಳಿಗಳು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿರುತ್ತವೆಂಬುದಕ್ಕೂ ಸಿಂಕೋನಾ ಕುಲದ ಚರಿತ್ರೆಯಲ್ಲಿ ಸ್ವಾರಸ್ಯದ ಉದಾಹರಣೆಗಳಿವೆ. ಕ್ವಿನೈನ್ ಸಲ್ಫೇಟಿನ ಸೂಜಿಗಳಲ್ಲಿ ಸಿಂಕೊನಿಡಿನ್ ಮೊಂಡುತನದಿಂದ ಸೇರಿಕೊಂಡಿರುತ್ತಿತ್ತು. ಬರಿದೆ ಮತ್ತೆ ಮತ್ತೆ ಹರಳುಗಟ್ಟಿಸಿದರೆ ಅದು ಪೂರ್ತಿ ಹೋಗುತ್ತಿರಲಿಲ್ಲ. ಆಮ್ಲದ ಪ್ರಮಾಣವನ್ನು ಹೆಚ್ಚಿಸಿ ಬೇರೊಂದು ಬಗೆಯ ಸಲ್ಫೇಟಾಗಿ ಹರಳುಗಟ್ಟಿಸಿದಾಗಲೇ ಕ್ವಿನೈನು ಬಿಡಿಯಾಗಿ ಬರುತ್ತಿತ್ತು. 1880ರ ದಶಕದಲ್ಲಿ ಕೊಲಂಬಿಯಾದಿಂದ ಬಂದ ಕುಪ್ರಿಯಾ ಎಂಬ ಬೇರೊಂದು ತೊಗಟೆಯಲ್ಲಿ ಹೋಮೋಕ್ವಿನೈನ್ ಎಂಬ ಹೊಸ ಆಲ್ಕಲಾಯ್ಡು ದೊರೆತಿದೆಯೆಂದು ಸುದ್ದಿಯಾಯಿತು. ಅದಕ್ಕೆ ತನ್ನದೇ ಆದ ಹರಳೂ ಇತ್ತು. ಬಿಡಿಸಿ ನೋಡಿದರೆ ಅದು ಹೊಸ ಪದಾರ್ಥವೇ ಅಲ್ಲ. ಕ್ವಿನೈನು ಮತ್ತು ಅದರ ಹತ್ತಿರದ ಬಂಧು ಕುಪ್ರೀನ್ ಸಮಸಮವಾಗಿ ಕೈಹಿಡಿದು ಕಟ್ಟಿದ ಒಂದೇ ಹರಳು ಅದು! ಹರಳು ಅಂದವಾಗಿದೆಯೆಂದ ಮಾತ್ರಕ್ಕೆ ಅದರಲ್ಲಿರುವುದು ಒಂದೇ ಪದಾರ್ಥವೆಂದು ನಂಬುವಂತಿಲ್ಲ. ಎರಡು ಜಲಜನಕ ಹೆಚ್ಚಿರುವ ಡೈಹೈಡ್ರೊಕ್ವಿನೈನ್ ಎಂಬ ಇನ್ನೊಂದು ಬಂಧುವಂತೂ ಕ್ವಿನೈನನ್ನು ಇಂದಿಗೂ ಬಿಟ್ಟಿಲ್ಲ. ಯೂರೋಪಿನ ಔಷಧಸಂಹಿತೆಯು ಕ್ವಿನೈನ್ ಸಲ್ಫೇಟಿನಲ್ಲಿ ಅದು ನೂರಕ್ಕೆ ಹತ್ತರವರೆಗೆ ಇರಬಹುದೆಂದು ಒಪ್ಪಿಕೊಂಡು ಸುಮ್ಮನಾಗಿದೆ.

ಇಲ್ಲಿಯವರೆಗೆ ಹೇಳಿದ ಜೊತೆಗಾರರಲ್ಲಿ ಹೆಚ್ಚಿನವು ಆಮ್ಲಗಳು. ಸಿಂಕೋನಾದ ಆಲ್ಕಲಾಯ್ಡುಗಳು ಕ್ಷಾರಗುಣದವು. ಆಮ್ಲವು ತನ್ನ ಜಲಜನಕವನ್ನು ಕ್ಷಾರಕ್ಕೆ ಒಪ್ಪಿಸಿ ಎರಡೂ ವಿದ್ಯುದಂಶ ಹೊತ್ತು ಪರಸ್ಪರ ಸೆಳೆದುಕೊಂಡು ಲವಣದ ಹರಳಾಗುತ್ತವೆ. ಆದರೆ ಸಸ್ಯಗಳಲ್ಲಿರುವ ಎಷ್ಟೋ ಔಷಧಗಳು ಗಣನೀಯ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಅವುಗಳಿಂದ ಲವಣ ಮಾಡುವುದು ಸಾಧ್ಯವಿಲ್ಲ. ಅಂಥವುಗಳಿಗೆ ಒದಗುವುದು ಸಹಸ್ಫಟಿಕ. ಇದರಲ್ಲಿ ಎರಡು ಬಗೆಯ ಅಣುಗಳು ಯಾವುದನ್ನೂ ಕೊಟ್ಟು ತೆಗೆದುಕೊಳ್ಳದೆ, ತಮ್ಮತನವನ್ನು ಕಳೆದುಕೊಳ್ಳದೆ, ಜಲಜನಕ ಬಂಧದಂಥ ಮೃದುವಾದ ಹಿಡಿತದಿಂದ ನಿಶ್ಚಿತ ಪ್ರಮಾಣದಲ್ಲಿ ಒಂದೇ ಹರಳಿನಲ್ಲಿ ಸಾಲುಗೂಡುತ್ತವೆ. ಕರಗಿಸಿದೊಡನೆ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಸಹಸ್ಫಟಿಕದ ಮೊದಲ ಉದಾಹರಣೆಯೆಂದು ಹೆಸರಾದದ್ದು 1844ರಲ್ಲಿ ಜರ್ಮನಿಯ ವ್ಯೋಲರನು ವರ್ಣಿಸಿದ ಕ್ವಿನ್‌ಹೈಡ್ರೋನ್ ಎಂಬ ಹಸಿರು ಹೊಳಪಿನ ಹರಳು. ಅದರಲ್ಲಿರುವ ಕ್ವಿನೋನ್ ಮೊದಲಿಗೆ ದೊರೆತದ್ದು ಸಿಂಕೋನಾ ತೊಗಟೆಯಲ್ಲೇ ಇರುವ ಕ್ವಿನಿಕ್ ಆಮ್ಲದಿಂದ ಎಂಬುದು ಒಂದು ಸೋಜಿಗ.

ಲವಣವಾಗದ ಪದಾರ್ಥವನ್ನು ಜೊತೆಗಾರನ ಮೂಲಕ ಹೆಕ್ಕಿ ತೆಗೆಯುವ ಕಲೆಗೆ ಅತ್ಯುತ್ತಮ ನಿದರ್ಶನ ಕೊಲೆಸ್ಟರಾಲಿನದು. ಡಿಜಿಟಾಲಿಸ್ ಗಿಡದ ಬೀಜದಲ್ಲಿ ಡಿಜಿಟೋನಿನ್ ಎಂಬ ನೊರೆಗಟ್ಟುವ ಪದಾರ್ಥವಿದೆ. ಅದರ ಮದ್ಯಸಾರದ ದ್ರಾವಣವನ್ನು ಕೊಲೆಸ್ಟರಾಲಿನ ದ್ರಾವಣಕ್ಕೆ ಬೆರೆಸಿದರೆ ಎರಡೂ ಅಣುವಿಗೆ ಅಣುವಾಗಿ ಜೊತೆಗೂಡಿ ಬಹುತೇಕ ಕರಗದ ಬಿಳಿಯ ಒತ್ತರವಾಗಿ ಕೂರುತ್ತವೆಂದು 1909ರಲ್ಲಿ ಜರ್ಮನಿಯ ವಿಂಡೌಸನು ತೋರಿಸಿದನು. ಎಳ್ಳು, ಕಡಲೆಕಾಯಿ ಮೊದಲಾದ ಎಣ್ಣೆಗಳಲ್ಲಿರುವ ಸಸ್ಯ ಸ್ಟೆರಾಲುಗಳೂ ಇದೇ ರೀತಿ ಜೊತೆಗೂಡುತ್ತವೆ. ಇದರ ಆಯ್ಕೆ ಎಷ್ಟು ಕಟ್ಟುನಿಟ್ಟೆಂದರೆ ಸ್ಟೆರಾಲಿನ ಅಂಚಿನಲ್ಲಿರುವ ಒಂದೇ ಒಂದು ಹೈಡ್ರಾಕ್ಸಿಲ್ ಗುಂಪು ಮೇಲ್ಮುಖವಾಗಿರುವ ಬದಲು ಕೆಳಮುಖವಾಗಿದ್ದರೆ, ಅಥವಾ ಅದರ ಬಾಯಿಗೆ ಕೊಬ್ಬಿನ ಆಮ್ಲವೊಂದು ಕಟ್ಟಿಕೊಂಡಿದ್ದರೆ, ಡಿಜಿಟೋನಿನ್ ಅದನ್ನು ಮುಟ್ಟುವುದೇ ಇಲ್ಲ. ಹೀಗೆ ಒಂಟಿಯಾಗಿರುವ ಕೊಲೆಸ್ಟರಾಲು ಎಷ್ಟು, ಕೊಬ್ಬಿನ ಆಮ್ಲದೊಡನೆ ಕೂಡಿರುವುದು ಎಷ್ಟು ಎಂದು ಬೇರೆಬೇರೆಯಾಗಿ ಅಳೆಯುವ ಮಾರ್ಗ ದೊರೆಯಿತು. 1910ರಲ್ಲಿ ವಿಂಡೌಸನು ರೋಗಗ್ರಸ್ತ ಮಹಾಪಧಮನಿಗಳ ಗೋಡೆಯನ್ನು ಪರೀಕ್ಷಿಸಿ, ಆರೋಗ್ಯವಂತರ ರಕ್ತನಾಳಕ್ಕಿಂತ ಅಲ್ಲಿ ಒಂಟಿ ಕೊಲೆಸ್ಟರಾಲು ಆರೇಳು ಪಟ್ಟು, ಕೂಡಿಕೊಂಡದ್ದು ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ತುಂಬಿದೆಯೆಂದು ಕಂಡನು. ಇಂದು ಮಹಾನಗರದ ಪ್ರತಿಯೊಂದು ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವ ಕೊಲೆಸ್ಟರಾಲು ಎಂಬ ಹೆಸರು ಧಮನಿಯ ರೋಗದೊಡನೆ ತಳುಕುಬಿದ್ದ ಕಥೆಯ ಆರಂಭಗಳಲ್ಲಿ ಇದೊಂದು. ಇಂದು ಕೊಲೆಸ್ಟರಾಲನ್ನು ಅಳೆಯುವುದು ಕಿಣ್ವಗಳ ಮೂಲಕ.

ಕೈಜೋಡಿಸುವ ಬದಲು ಮನೆಕಟ್ಟಿ ಒಳಗೆ ಕೂರಿಸಿಕೊಳ್ಳುವ ಜೊತೆಗಾರನೂ ಒಬ್ಬನಿದ್ದಾನೆ. ಹೊಲಕ್ಕೆ ಹಾಕುವ ಯೂರಿಯಾವೇ ಅದು. 1940ರ ಸುಮಾರಿಗೆ ಜರ್ಮನಿಯ ಬೆಂಗೆನ್ ಎಂಬಾತನು ಹಾಲಿನ ಪರೀಕ್ಷೆಯಲ್ಲಿ ತೊಡಗಿದ್ದಾಗ ಆಕಸ್ಮಿಕವಾಗಿ ಕಂಡುಕೊಂಡ ಸಂಗತಿಯಿದು. ನೇರವಾದ ಸರಪಳಿಯ ಅಣುಗಳು ಹತ್ತಿರವಿದ್ದರೆ ಯೂರಿಯಾ ತನ್ನ ಸಾಮಾನ್ಯ ಹರಳನ್ನು ಬಿಟ್ಟು ಉದ್ದನೆಯ ಸುರಂಗಗಳುಳ್ಳ ಹರಳನ್ನು ಕಟ್ಟುತ್ತದೆ. ಕಡ್ಡಿಯಂತೆ ನೆಟ್ಟಗಿರುವ ಸಂತೃಪ್ತ ಕೊಬ್ಬಿನ ಆಮ್ಲಗಳು ಆ ಸುರಂಗದಲ್ಲಿ ಸಲೀಸಾಗಿ ನುಸುಳುತ್ತವೆ. ಮೂರು ಕಡೆ ಬಾಗಿದ ಲಿನೊಲೆನಿಕ್ ಆಮ್ಲ ಹೊರಗುಳಿಯುತ್ತದೆ. ಹುಬ್ಬಳ್ಳಿ-ಧಾರವಾಡದ ಕಡೆಯ ಮನೆಗಳಲ್ಲಿ ಜೋಳದ ರೊಟ್ಟಿಯ ಜೊತೆ ಅಗಸೆ ಹಿಂಡಿ ತಪ್ಪದು. ಆ ಅಗಸೆಯ ಎಣ್ಣೆಯಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಇರುವುದು ಶರೀರಕ್ಕೆ ಅಗತ್ಯವಾದ, ಆದರೆ ಶರೀರವು ತಾನೇ ತಯಾರಿಸಿಕೊಳ್ಳಲಾರದ ಈ ಆಮ್ಲವೇ. ಎಣ್ಣೆಯನ್ನು ಒಡೆದು ಆಮ್ಲಗಳಾಗಿಸಿ, ಬಿಸಿ ಮದ್ಯಸಾರದಲ್ಲಿ ಯೂರಿಯಾದೊಡನೆ ಕರಗಿಸಿ ತಣಿಸಿದರೆ ಉಳಿದವುಗಳಲ್ಲಿ ಬಹುಭಾಗ ಹರಳಿನೊಡನೆ ಹೋಗಿ ದ್ರವದಲ್ಲಿ ಇದರ ಸಾಂದ್ರತೆ ಏರುತ್ತದೆ. ಇದನ್ನು ಶುದ್ಧಾಂಗವಾಗಿ ಸಹಸ್ಫಟಿಕವೆನ್ನಬೇಕೆ ಬೇಡವೆ ಎಂಬ ತರ್ಕವನ್ನು ಪಂಡಿತರಿಗೆ ಬಿಡಬಹುದು.

ಹಳೆಯ ಕಾಲದಲ್ಲಿ ಜೊತೆಗಾರರು ದೊರೆತದ್ದು ಬಹುಮಟ್ಟಿಗೆ ಅದೃಷ್ಟದಿಂದ. ಈಗ ಅಣುವಿನ ಯಾವ ಭಾಗ ಇನ್ನೊಂದರ ಯಾವ ಭಾಗವನ್ನು ಹಿಡಿಯುತ್ತದೆಂಬುದನ್ನು ಮೊದಲೇ ಊಹಿಸಿ ಆರಿಸುವ ಶಾಸ್ತ್ರ ಬೆಳೆದಿದೆ. ಹರಳುಗಳ ಈ ವಾಸ್ತುವಿದ್ಯೆಗೆ ಭಾರತದ ಕೊಡುಗೆ ದೊಡ್ಡದು. ಹೈದರಾಬಾದ್ ವಿಶ್ವವಿದ್ಯಾನಿಲಯದಲ್ಲಿದ್ದ ಗೌತಮ ದೇಸಿರಾಜು ಅವರು ಈ ವಿಷಯದ ಮೇಲೆ ಬರೆದ ಗ್ರಂಥ 1989ರಲ್ಲಿ ಪ್ರಕಟವಾಯಿತು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಪರೀಕ್ಷೆಯ ಕ್ರಮವೂ ಸರಳ. ಎರಡು ಪುಡಿಗಳನ್ನು ಒಂದೆರಡು ತೊಟ್ಟು ದ್ರಾವಕದೊಡನೆ ಕಲ್ಬತ್ತಿನಲ್ಲಿ ಅರೆಯುವುದು, ಬಳಿಕ ಕ್ಷಕಿರಣ ಹಾಯಿಸಿ ಹೊಸ ಹರಳು ಮೂಡಿದೆಯೇ ಎಂದು ನೋಡುವುದು. ನಮ್ಮ ವೈದ್ಯರು ಖಲ್ವದಲ್ಲಿ ದಿನವಿಡೀ ಮರ್ದನ ಮಾಡುತ್ತಿದ್ದುದನ್ನು ಕಂಡವರಿಗೆ ಇದು ತೀರ ಅಪರಿಚಿತವೆನಿಸದು.

ಬೇರ್ಪಡಿಸುವುದಕ್ಕೆಂದೇ ಸಹಸ್ಫಟಿಕವನ್ನು ಬಳಸಿದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು, ಅದು ಸಸ್ಯದ ಮದ್ದಲ್ಲದಿದ್ದರೂ. ಮೂರ್ಛೆರೋಗಕ್ಕೆ ಕೊಡುವ ಲೆವೆಟಿರಾಸೆಟಮ್ ಎಂಬ ಔಷಧಕ್ಕೆ ಕನ್ನಡಿಯ ಬಿಂಬದಂತಿರುವ ನಿರುಪಯುಕ್ತ ಅವಳಿಯೊಂದಿದೆ. ಲವಣವಾಗದ ಪದಾರ್ಥವಾದ್ದರಿಂದ ಹಳೆಯ ಉಪಾಯ ಇದಕ್ಕೆ ನಡೆಯದು. 2012ರಲ್ಲಿ ಬೆಲ್ಜಿಯಂನ ಸಂಶೋಧಕರು ಮ್ಯಾಂಡೆಲಿಕ್ ಆಮ್ಲದ ಒಂದು ಕೈಯ ರೂಪವನ್ನು ಸೇರಿಸಿದಾಗ ಅದು ಉಪಯುಕ್ತವಾದ ಅವಳಿಯೊಡನ ಮಾತ್ರ ಸಹಸ್ಫಟಿಕವಾಯಿತು, ಇನ್ನೊಂದರೊಡನೆ ಆಗಲಿಲ್ಲ. ಈ ಆಮ್ಲದ ಹೆಸರು ಬಂದಿರುವುದು ಬಾದಾಮಿಯ ಜರ್ಮನ್ ಹೆಸರಿನಿಂದ. ಮೊದಲು ಅದು ದೊರೆತದ್ದು ಕಹಿ ಬಾದಾಮಿಯ ಸತ್ವದಿಂದ.

ಈಗ ಮನೆಯ ಅರಿಸಿನದ ಡಬ್ಬಿಗೆ ಬರೋಣ. ಅದರ ಹಳದಿಗೆ ಕಾರಣವಾದ ಪದಾರ್ಥಗಳು ಕೊಂಬಿನ ತೂಕದಲ್ಲಿ ಸಾಧಾರಣವಾಗಿ ನೂರಕ್ಕೆ ಎರಡರಿಂದ ಐದು ಭಾಗ. ಅವೂ ಒಂದಲ್ಲ, ಮೂರು. ಕರ್ಕ್ಯುಮಿನ್‌ನಲ್ಲಿ ಎರಡು ಮೆಥಾಕ್ಸಿ ಗುಂಪುಗಳು, ಎರಡನೆಯದರಲ್ಲಿ ಒಂದು, ಮೂರನೆಯದರಲ್ಲಿ ಒಂದೂ ಇಲ್ಲ. ಕ್ವಿನೈನಿನಿಂದ ಸಿಂಕೊನಿಡಿನನ್ನು ಬೇರೆ ಮಾಡಿದ ಗುಂಪೇ ಇಲ್ಲಿಯೂ ಭೇದ ತಂದಿದೆ. ಅಂಗಡಿಯಲ್ಲಿ ಕರ್ಕ್ಯುಮಿನ್ ಎಂಬ ಹೆಸರಿನಲ್ಲಿ ದೊರೆಯುವ ಸತ್ವದಲ್ಲಿ ಮೊದಲನೆಯದು ಸುಮಾರು ನೂರಕ್ಕೆ 77, ಎರಡನೆಯದು 17, ಮೂರನೆಯದು 3 ಇರುವುದು ವಾಡಿಕೆ. ಹರಳುಗಟ್ಟಿಸುವುದನ್ನು ಮತ್ತೆ ಮತ್ತೆ ನಡೆಸಿದರೆ ಕರ್ಕ್ಯುಮಿನ್ ಶುದ್ಧವಾಗುತ್ತದೆ. ಪ್ರತಿ ಸಲವೂ ಒಂದಷ್ಟು ನಷ್ಟವಾಗುತ್ತದೆ. ಎಲ್ಲಕ್ಕಿಂತ ಜಿಗುಟಾಗಿ ಅಂಟಿಕೊಳ್ಳುವುದು ಎರಡನೆಯದು. ಸತ್ವದ ಮೇಲೆ ನಡೆದ ಪ್ರಯೋಗಗಳನ್ನು ಓದುವಾಗ ಈ ಮೂರರಲ್ಲಿ ಯಾವುದನ್ನು ಕೊಟ್ಟು ನೋಡಿದ್ದಾರೆಂದು ಕೇಳುವುದು ಆದುದರಿಂದ ಅಗತ್ಯ. ಆ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಫಲಿತಾಂಶಕ್ಕೂ ಅಷ್ಟೇ ಬೆಲೆ.

ಕರ್ಕ್ಯುಮಿನ್‌ನ ಇನ್ನೊಂದು ದೋಷ, ಅದು ನೀರಿನಲ್ಲಿ ಕರಗದು, ಕರುಳಿನಿಂದ ರಕ್ತಕ್ಕೆ ಏರುವುದೂ ಅತ್ಯಲ್ಪ. ಹೈದರಾಬಾದ್ ವಿಶ್ವವಿದ್ಯಾನಿಲಯದ ಅಶ್ವಿನಿ ನಾಂಗಿಯಾ ಅವರ ತಂಡವು 2011ರಲ್ಲಿ ಕರ್ಕ್ಯುಮಿನನ್ನು ರಿಸಾರ್ಸಿನಾಲ್ ಮತ್ತು ಪೈರೊಗ್ಯಾಲಾಲ್ ಎಂಬ ಎರಡು ಸಣ್ಣ ಅಣುಗಳೊಡನೆ ಸಹಸ್ಫಟಿಕವಾಗಿಸಿತು. ಮದ್ಯಸಾರ ಬೆರೆಸಿದ ನೀರಿನಲ್ಲಿ ಮೊದಲನೆಯದು ಕರ್ಕ್ಯುಮಿನ್‌ಗಿಂತ ಸುಮಾರು 5 ಪಟ್ಟು, ಎರಡನೆಯದು ಸುಮಾರು 12 ಪಟ್ಟು ವೇಗವಾಗಿ ಕರಗಿದವು. ಪೈರೊಗ್ಯಾಲಾಲ್ ಸ್ವತಃ ವಿಷಕಾರಿ. ಆದುದರಿಂದ ಇವು ಅಂಗಡಿಗೆ ಬರಬೇಕಾದ ಮಾತ್ರೆಗಳಲ್ಲ, ದಾರಿತೋರುವ ಪ್ರಯೋಗಗಳು. ವಿಂಗಡಿಸಲು ತಂದ ಜೊತೆಗಾರನನ್ನಾದರೆ ಕೊನೆಗೆ ತೊಳೆದು ಹೊರಗಟ್ಟಬಹುದು. ಮಾತ್ರೆಯೊಳಗೇ ಉಳಿಯುವ ಜೊತೆಗಾರನು ಮಾತ್ರ ನಿರುಪದ್ರವಿಯಾಗಿರಲೇಬೇಕು.

ಹೀರಿಕೆಯನ್ನು ಹೆಚ್ಚಿಸುವ ಇನ್ನೊಂದು ಮಾರ್ಗವನ್ನು 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ತೋರಿಸಿದರು. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕರಿಮೆಣಸಿನ ಸತ್ವವಾದ ಪೈಪರೀನ್ 20 ಮಿಲಿಗ್ರಾಂ ಕೊಟ್ಟಾಗ ಶರೀರಕ್ಕೆ ದೊರೆತ ಕರ್ಕ್ಯುಮಿನ್ ಪ್ರಮಾಣ ನೂರಕ್ಕೆ 2000ದಷ್ಟು ಏರಿತು. ಅಂದಿನಿಂದ ಜಗತ್ತಿನಾದ್ಯಂತ ಅರಿಸಿನದ ಮಾತ್ರೆಗಳಲ್ಲಿ ಮೆಣಸಿನ ಸತ್ವ ಸೇರುವುದು ರೂಢಿಯಾಯಿತು. ಹೀರಿಕೆ ಹೆಚ್ಚಿದರೆ ಗುಣವೂ ಹೆಚ್ಚಿತೆಂದು ಬಹುಜನ ಭಾವಿಸಿದರು. ಅಪಾಯವೂ ಹೆಚ್ಚಬಹುದೆಂಬುದು ನೆನಪಿಗೆ ಬಂದದ್ದು ತಡವಾಗಿ. 2022ರಲ್ಲಿ ಅಮೆರಿಕದ ಯಕೃತ್ ತಜ್ಞರು ಅರಿಸಿನದ ಮಾತ್ರೆಗಳಿಂದ ಪಿತ್ತಜನಕಾಂಗಕ್ಕೆ ಹಾನಿಯಾದ 10 ಪ್ರಕರಣಗಳನ್ನು ವರದಿ ಮಾಡಿದರು. ಐವರು ಆಸ್ಪತ್ರೆ ಸೇರಬೇಕಾಯಿತು, ಒಬ್ಬರು ತೀರಿಕೊಂಡರು. ಹತ್ತರಲ್ಲಿ ಏಳು ಮಂದಿಯಲ್ಲಿ ಒಂದು ವಿಶಿಷ್ಟ ವಂಶವಾಹಿ ಕಂಡುಬಂತು. ಪರೀಕ್ಷೆಗೆ ಸಿಕ್ಕ 7 ಮಾದರಿಗಳಲ್ಲಿ 3ರಲ್ಲಿ ಪೈಪರೀನ್ ಇತ್ತು.

ಸಾರು, ಪಲ್ಯ, ಚಿತ್ರಾನ್ನಗಳಲ್ಲಿ ಬೀಳುವ ಚಿಟಿಕೆ ಅರಿಸಿನಕ್ಕೂ ಈ ಮಾತ್ರೆಗೂ ಹೋಲಿಕೆಯಿಲ್ಲ. ಅಡುಗೆಯ ಚಿಟಿಕೆಯಲ್ಲಿರುವ ವರ್ಣದ್ರವ್ಯ ಕೆಲವೇ ಮಿಲಿಗ್ರಾಂ; ಮಾತ್ರೆಯೊಂದರಲ್ಲಿ ಅದು ನೂರಾರು ಮಿಲಿಗ್ರಾಂ, ಜೊತೆಗೆ ಹೀರಿಕೆಯನ್ನು ನೂಕುವ ಮೆಣಸಿನ ಸತ್ವ. ಇಂಥ ಮಾತ್ರೆಯನ್ನು ಕೀಲುನೋವಿಗೋ ಇನ್ನಾವುದಕ್ಕೋ ತೆಗೆದುಕೊಳ್ಳುತ್ತಿರುವವರು ವೈದ್ಯರು ಬೇರೆ ಔಷಧ ಬರೆಯುವ ಮುನ್ನ ಅದನ್ನು ತಿಳಿಸತಕ್ಕದ್ದು, ಏಕೆಂದರೆ ಪೈಪರೀನ್ ಇತರ ಕೆಲವು ಔಷಧಗಳ ಹೀರಿಕೆಯನ್ನೂ ಬದಲಿಸುತ್ತದೆ. ಮಾತ್ರೆ ಆರಂಭಿಸಿದ ಕೆಲವು ವಾರಗಳಲ್ಲಿ ಹಸಿವು ಮಂದವಾಗುವುದು, ಮೈ ತುರಿಸುವುದು, ಮೂತ್ರ ಗಾಢವಾಗುವುದು, ಕಣ್ಣು ಹಳದಿಯಾಗುವುದು ಕಂಡುಬಂದರೆ ಅಂದೇ ಮಾತ್ರೆ ನಿಲ್ಲಿಸಿ, ಸೀಸೆಯನ್ನೇ ಕೈಯಲ್ಲಿ ಹಿಡಿದು ವೈದ್ಯರ ಬಳಿ ಹೋಗಬೇಕು.